ಸರಾಸರಿಯು ಮರೆಮಾಡುವುದು

ಪ್ರಗತಿಪತ್ರವನ್ನು ಕೈಗಿತ್ತೊಡನೆ ಪೋಷಕರು, “ಸರಾಸರಿ ಎಷ್ಟು, ಅಮ್ಮನವರೇ?” ಎಂದು ವಿಚಾರಿಸುವುದುಂಟು. ಒಬ್ಬ ಬಾಲಿಕೆಗೆ ಐದು ವಿಷಯಗಳಲ್ಲಿ 48, 49, 50, 51, 52 ಅಂಕಗಳೂ ಮತ್ತೊಬ್ಬಳಿಗೆ 30, 40, 50, 60, 70 ಅಂಕಗಳೂ ಬಂದಿವೆಯೆಂದಿಟ್ಟುಕೊಳ್ಳಿರಿ. ಇಬ್ಬರ ಸರಾಸರಿಯೂ 50. ಎರಡನೆಯವಳ 30 ಗಣಿತದ್ದು. ಅದರಲ್ಲಿ ಅವಳು ತೇರ್ಗಡೆಯಾಗಲಿಲ್ಲವೆಂಬುದನ್ನು ಆ 50 ತಿಳಿಸಲಾರದು. ತಂದೆಯವರು ಸಂತೋಷದಿಂದಲೇ ಮನೆಗೆ ಹೋಗುವರು!

ಅಂಕಗಳ ಈ ಚೆದುರುವಿಕೆಯನ್ನು ಅಳೆಯುವುದೇ ಮಾನಕ ವಿಚಲನೆ. ಆಂಗ್ಲ ಭಾಷೆಯಲ್ಲಿ ಈ ಹೆಸರನ್ನು 1894ರಲ್ಲಿ ಮುದ್ರಣಕ್ಕೆ ತಂದವರು ಕಾರ್ಲ್ ಪಿಯರ್ಸನ್ನರು. ಎರಡನೆಯವಳ ಅಂಕಗಳಿಂದ ಸರಾಸರಿಯನ್ನು ಕಳೆದರೆ −20, −10, 0, 10, 20. ಇವನ್ನು ಹಾಗೆಯೇ ಕೂಡಿಸಿದರೆ ಸೊನ್ನೆಯೇ ಉಳಿಯುವುದರಿಂದ ಮೊದಲು ಒಂದೊಂದನ್ನೂ ವರ್ಗಮಾಡಬೇಕು. ವರ್ಗಗಳ ಮೊತ್ತ 1000. ಐದರಿಂದ ಭಾಗಿಸಲು 200. ಅದರ ವರ್ಗಮೂಲ ಸುಮಾರು 14.1.

ಮೊದಲನೆಯವಳಿಗೆ ಬರುವುದು ಸುಮಾರು 1.4 ಮಾತ್ರ. ಹಳೆಯ ವಿದ್ಯಾರ್ಥಿನಿಯರು ಮನೆಯಲ್ಲಿ ಮಾಡಿನೋಡಿರಿ.