ಕತ್ತಿ ಹೆರುವುದು, ಬೇಗ ಸಾಯದ್ದು: ಮಲೇರಿಯಾ ರೋಗಾಣುಗಳ ಹೆಸರು ಕಲಿಸುವ ಬಗೆ

ಎಂಟನೇ ತರಗತಿಯ ಸೂಕ್ಷ್ಮಜೀವಿಗಳ ಪಾಠದಲ್ಲಿ ಮಲೇರಿಯಾಕ್ಕೆ ಕಾರಣವಾದ ಪ್ರೊಟೊಜೋವ ‘ಪ್ಲಾಸ್ಮೋಡಿಯಂ’ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇವೆ. ಅದರ ಪ್ರಭೇದಗಳ ಹೆಸರು ಪರೀಕ್ಷೆಗೆ ಬೇಕಿಲ್ಲ. ಆದರೆ ನಮ್ಮ ಕರಾವಳಿಯ ಮಕ್ಕಳಿಗೆ ಎರಡು ಹೆಸರು ಗೊತ್ತಿರಬೇಕು: ಫಾಲ್ಸಿಪಾರಂ ಮತ್ತು ವೈವಾಕ್ಸ್. ಕೆರಾಡಿಯಲ್ಲಿ ಬೋಧನಾಭ್ಯಾಸ ಮಾಡುವಾಗ ಇವನ್ನು ಲ್ಯಾಟಿನ್ ಅರ್ಥದೊಡನೆ ಕಪ್ಪುಹಲಗೆಯ ಮೇಲೆ ಬರೆದೆ.

‘ಫಾಲ್ಕ್ಸ್’ ಎಂದರೆ ಕುಡುಗೋಲು, ‘ಪರೆರೆ’ ಎಂದರೆ ಹೆರು. ಸೊಳ್ಳೆಗೆ ದಾಟಲು ಸಿದ್ಧವಾದ ಹಂತದಲ್ಲಿ ಈ ಜೀವಿ ಬಾಗಿದ ಕುಡುಗೋಲಿನಂತೆ ಕಾಣುತ್ತದೆ. ಚಿತ್ರ ಬರೆದದ್ದೇ ತಡ, “ಕೊಯ್ಲಿನ ಕತ್ತಿ!” ಎಂದರು ಮಕ್ಕಳು. ಮಿದುಳಿಗೆ ಏರಿ ಪ್ರಾಣ ತೆಗೆಯಬಲ್ಲ ಮಲೇರಿಯಾ ಹೆಚ್ಚಾಗಿ ಇದರದ್ದೇ ಎಂದು ಹೇಳಿದ ಮೇಲೆ ಆ ಕತ್ತಿ ಮರೆಯುವ ಮಾತೇ ಇಲ್ಲ.

‘ವೈವಾಕ್ಸ್’ ಎಂದರೆ ಚುರುಕಾದದ್ದು, ಬಹುಕಾಲ ಬದುಕುವಂಥದ್ದು. ಇದರ ಮೂಲವಾದ ‘ವೀವುಸ್’ ಮತ್ತು ನಮ್ಮ ‘ಜೀವ’ ಒಂದೇ ಬೇರಿನವು. ಜರಾಯುಜ ಪ್ರಾಣಿಗಳಿಗೆ ಇಂಗ್ಲಿಷಿನಲ್ಲಿ ಹೇಳುವ ‘ವಿವಿಪ್ಯಾರಸ್’ ಪದದಲ್ಲಿ ಈ ವೀವುಸ್ ಕೂಡ ಇದೆ, ಫಾಲ್ಸಿಪಾರಂನ ಪರೆರೆಯೂ ಇದೆ. ಸಂತಾನೋತ್ಪತ್ತಿಯ ಪಾಠಕ್ಕೆ ಇದನ್ನು ಎತ್ತಿಟ್ಟುಕೊಳ್ಳಬಹುದು.

ಮಂಗಳೂರಿನ ಕಡೆ ಹೆಚ್ಚಾಗಿ ಕಂಡುಬಂದಿರುವುದು ವೈವಾಕ್ಸ್. “ಜ್ವರ ಬಿಟ್ಟ್ ಮೇಲೂ ಮಾತ್ರೆ ಎಂತಕ್ಕೆ ಟೀಚರ್?” ಎಂದು ಒಬ್ಬಳು ಕೇಳಿದಳು. ಉತ್ತರ ಹೆಸರಿನಲ್ಲೇ ಇತ್ತು. ರಕ್ತದಲ್ಲಿರುವ ಜೀವಿಗಳು ಕ್ಲೋರೋಕ್ವಿನ್‌ಗೆ ಸಾಯುತ್ತವೆ, ಜ್ವರ ಇಳಿಯುತ್ತದೆ. ಯಕೃತ್ತಿನಲ್ಲಿ ಮಲಗಿದವು ಉಳಿದು ತಿಂಗಳುಗಳ ನಂತರ ಎದ್ದು ಬರುತ್ತವೆ. ಸೊಳ್ಳೆ ಮತ್ತೆ ಕಚ್ಚಬೇಕೆಂದೇನೂ ಇಲ್ಲ. ಅವನ್ನು ಕೊಲ್ಲಲೆಂದೇ ವೈದ್ಯರು 14 ದಿನದ ಪ್ರೈಮಾಕ್ವಿನ್ ಕೊಡುವುದು. ಅಪ್ಪನೋ ಅಣ್ಣನೋ ಮಂಗಳೂರಿನಲ್ಲಿ ದುಡಿಯುವ ಮನೆಗಳಲ್ಲಿ ಈ ಮಾತು ಪುಸ್ತಕದಾಚೆಗೂ ಬೇಕಾದದ್ದು.

ಇಲ್ಲೊಂದು ಎಚ್ಚರಿಕೆ. ಜ್ವರ ಮರುಕಳಿಸುವುದರಿಂದಲೇ ವೈವಾಕ್ಸ್ ಎಂದು ಹೆಸರಿಟ್ಟರು ಎಂದು ಕಲಿಸಬಾರದು. ಗ್ರಾಸಿ ಮತ್ತು ಫೆಲೆಟ್ಟಿ ಈ ಹೆಸರು ಕೊಟ್ಟದ್ದು 1890ರಲ್ಲಿ. ಯಕೃತ್ತಿನ ಹಂತವನ್ನು ಶಾರ್ಟ್ ಮತ್ತು ಗಾರ್ನಮ್ ತೋರಿಸಿದ್ದು 1948ರಲ್ಲಿ. ಅರ್ಥ ಹೊಂದಿದ್ದು ಆಕಸ್ಮಿಕ. ‘ಮಲೇರಿಯಾ’ ಎಂಬ ಹೆಸರಂತೂ ಪೂರ್ತಿ ತಪ್ಪು: ಇಟಲಿಯ ಭಾಷೆಯಲ್ಲಿ ಅದು ‘ಕೆಟ್ಟ ಗಾಳಿ’.

ಪಾಠದ ಕೊನೆಗೆ ಕೇಳಿದ ಪ್ರಶ್ನೆ ಇದು: ಇಬ್ಬರಿಗೆ ಮಲೇರಿಯಾ ಬಂದಿದೆ. ಒಬ್ಬರ ಚೀಟಿಯಲ್ಲಿ ‘ಪಿ.ಎಫ್.’, ಇನ್ನೊಬ್ಬರದರಲ್ಲಿ ‘ಪಿ.ವಿ.’ ಎಂದಿದೆ. ಯಾರನ್ನು ತಡಮಾಡದೆ ಆಸ್ಪತ್ರೆಗೆ ಸೇರಿಸುವ ಬಗ್ಗೆ ವೈದ್ಯರನ್ನು ಕೇಳುತ್ತೀರಿ, ಯಾರ ಮಾತ್ರೆಯನ್ನು 14 ದಿನ ಎಣಿಸುತ್ತೀರಿ?