ಅಮ್ಮನ ಮುಷ್ಟಿ

ಲಕ್ವ ಹೊಡೆದ ಕೈ ಮೊದಮೊದಲು ಜೋತುಬಿದ್ದಿರುತ್ತದೆ; ಬಿಗಿತ ಶುರುವಾಗುವುದು ಆಮೇಲೆ. ಅಮ್ಮನಿಗೂ ಹಾಗೇ ಆಯಿತು. ಎಡಗೈ ಮಡಚಿಕೊಂಡು ಎದೆಗೆ ಅಂಟಿತು. ಹೆಬ್ಬೆರಳನ್ನು ಒಳಗೆ ಹುದುಗಿಸಿಕೊಂಡು ಉಳಿದ ಬೆರಳುಗಳು ಮುಷ್ಟಿ ಕಟ್ಟಿದವು. ಉಗುರು ನಾಟಿ ಅಂಗೈಯಲ್ಲಿ ಗಾಯ, ಬೆವರು ನಿಂತು ನಾತ. ಸ್ನಾನ ಮಾಡಿಸುವವರಿಗೆ ಮಾತ್ರ ಗೊತ್ತಾಗುವ ಕಷ್ಟ ಅದು. ರಭಸದಿಂದ ಎಳೆದರೆ ಕೈ ಇನ್ನಷ್ಟು ಸೆಟೆಯುತ್ತಿತ್ತು, ನಿಧಾನಕ್ಕೆ ಬಿಡಿಸಿದರೆ ಒಂದಿಷ್ಟು ಸಡಿಲ. ಮಿದುಳಿನ ಹತೋಟಿ ತಪ್ಪಿದ ಸ್ನಾಯುವಿನ ಗುಣವೇ ಅದು ಎಂದು ಫಿಸಿಯೋಥೆರಪಿಸ್ಟ್ ತಿಳಿಸಿದ ಮೇಲೆ ಮನೆಯಲ್ಲಿ ಯಾರೂ ಆ ಕೈಯನ್ನು ಜಗ್ಗಲಿಲ್ಲ.

ಬಿಗಿತ ಇಳಿಸಲೆಂದು ಬ್ಯಾಕ್ಲೋಫೆನ್ ಮಾತ್ರೆ ನುಂಗಿದರೆ ಹಗಲೆಲ್ಲ ಮಂಪರು. ಬೊಟುಲಿನಂ ಚುಚ್ಚುಮದ್ದಿನ ಗುಣ ಸುಮಾರು ಮೂರು ತಿಂಗಳು, ಖರ್ಚೂ ಹೆಚ್ಚು. ಆಗ ಬಂದದ್ದು ಶಾಕ್ ವೇವ್ ಮಾತು. ಕರೆಂಟ್ ಕೊಡುತ್ತಾರೇನೋ ಎಂದು ಅಮ್ಮ ಹೆದರಿದ್ದಳು. ಕರೆಂಟ್ ಅಲ್ಲ, ಮೈಯೊಳಗೆ ಇಳಿಯುವ ಒತ್ತಡದ ಅಲೆ. 1980ರಲ್ಲಿ ಮ್ಯೂನಿಕ್‌ನಲ್ಲಿ ಕಿಡ್ನಿಯ ಕಲ್ಲು ಒಡೆಯಲು ರೋಗಿಗಳ ಮೇಲೆ ಬಳಸತೊಡಗಿದ ವಿಧಾನ. ಸ್ನಾಯುವಿಗೆ ಕೊಡುವಾಗ ಶಕ್ತಿ ಅದಕ್ಕಿಂತ ಎಷ್ಟೋ ಕಡಿಮೆ. ಸ್ಟ್ರೋಕ್ ಆದ 20 ಜನರಿಗೆ ಹೀಗೆ ಕೊಟ್ಟು, ಕೈಯ ಬಿಗಿತ ಇಳಿದದ್ದನ್ನು ಇಟಲಿಯ ಮಂಗನೊಟ್ಟಿ ಮತ್ತು ಅಮೇಲಿಯೊ 2005ರಲ್ಲಿ ಪ್ರಕಟಿಸಿದರು. ಸ್ನಾಯು ಯಾಕೆ ಮೆದುವಾಗುತ್ತದೆ ಎಂಬುದಕ್ಕೆ ವೈದ್ಯರಲ್ಲಿ ಇನ್ನೂ ಒಮ್ಮತವಿಲ್ಲ.

ಶುರು ಮಾಡುವ ಮುನ್ನ ವೈದ್ಯರು ರಕ್ತ ತೆಳುವಾಗಿಸುವ ಮಾತ್ರೆಗಳ ಚೀಟಿಯನ್ನು ಕೂಲಂಕಷವಾಗಿ ನೋಡಿದರು. ಸ್ಟ್ರೋಕ್ ಆದವರಲ್ಲಿ ಬಹುಪಾಲು ಮಂದಿ ಇಂಥ ಮಾತ್ರೆ ತೆಗೆದುಕೊಳ್ಳುವವರೇ. ಯಾರೂ ಕೇಳದಿದ್ದರೆ ನಾವೇ ಬಾಯಿಬಿಟ್ಟು ಹೇಳಬೇಕು. ಮುಂಗೈಗೆ ಜೆಲ್ ಹಚ್ಚಿ, ಯಂತ್ರದ ಮೂತಿ ಒತ್ತಿಹಿಡಿದರು. ಟಕಟಕ ಸದ್ದು, ಕೆಲವೇ ನಿಮಿಷ. ಅಮ್ಮ ಮುಖ ಕಿವುಚಿದಳು, ಆದರೆ ಸಾಕು ಅನ್ನಲಿಲ್ಲ.

ಕೆಲವು ವಾರ ಹೀಗೇ ನಡೆದ ಮೇಲೆ ಮುಷ್ಟಿ ಬಿಡಿಸುವುದು ಸಲೀಸಾಯಿತು. ಬಿಸಿನೀರಲ್ಲಿ ಅದ್ದಿದ ಹತ್ತಿಯಿಂದ ಬೆರಳ ಸಂದುಗಳನ್ನೆಲ್ಲ ಒರೆಸಿದೆ, ಉಗುರು ಕತ್ತರಿಸಿದೆ, ರವಿಕೆಯ ತೋಳು ತೊಡಿಸಿದೆ. ಬೆರಳುಗಳು ತಾವಾಗಿ ಇವತ್ತಿಗೂ ಅಲ್ಲಾಡುವುದಿಲ್ಲ. ಬಿಗಿತ ಸಡಿಲವಾಗುವುದೇ ಬೇರೆ, ಶಕ್ತಿ ಬರುವುದೇ ಬೇರೆ. ನೋಡಲು ಬಂದ ನೆಂಟರು ‘ಇಷ್ಟೆಲ್ಲ ಮಾಡಿಸಿ ಏನು ಬಂತು’ ಎಂದಾಗ ನನಗೆ ಸಂಕಟವಾಗುತ್ತದೆ. ಅಂಗೈ ಒಣಗಿದೆ, ಗಾಯ ಮಾಯ್ದಿದೆ. ನಾವು ಕೇಳಿಕೊಂಡು ಹೋದದ್ದೇ ಇದನ್ನು. ಆ ಸಡಿಲ ತಾನಾಗಿ ಉಳಿಯುವುದೂ ಇಲ್ಲ. ರಾತ್ರಿ ಸ್ಪ್ಲಿಂಟ್ ಕಟ್ಟಬೇಕು, ಬೆಳಗ್ಗೆ ಒಂದೊಂದೇ ಬೆರಳನ್ನು ನೀವಿ ಚಾಚಿಸಬೇಕು.

ಇಡೀ ಕಾಲಿಗೂ ಕೊಡಿ ಎಂದು ನಾನು ಕೇಳಿದ್ದೆ. ತೊಡೆಯ ಬಿಗಿತದ ಆಸರೆಯಲ್ಲೇ ಅಮ್ಮ ನಿಲ್ಲುತ್ತಿದ್ದಾಳೆ, ಅದನ್ನು ಕಳೆದರೆ ಮಂಡಿ ಕುಸಿಯುತ್ತದೆ ಎಂದು ವೈದ್ಯರು ಅವಳನ್ನು ನಿಲ್ಲಿಸಿಯೇ ತೋರಿಸಿ, ಮೀನಖಂಡಕ್ಕೆ ಮಾತ್ರ ಕೊಟ್ಟರು. ಹಿಮ್ಮಡಿ ಈಗ ನೆಲಕ್ಕೆ ತಾಗುತ್ತದೆ. ಬಲಗೈಯಲ್ಲಿ ನಾಲ್ಕು ಕಾಲಿನ ಕೋಲು ಹಿಡಿದು, ಬಚ್ಚಲಿಗೆ ಅವಳೇ ಹೋಗಿಬರುತ್ತಾಳೆ.