ಐದು ಸೂಜಿಯ ಪೈನ್‌ಗೆ ತುಕ್ಕು ಹಿಡಿದ ಕಥೆ

ಮಕ್ಕಳೇ, ಶೇಂಗಾ ಹೊಲಕ್ಕೆ ಹೋದಾಗ ಎಲೆಗಳನ್ನು ಮಗುಚಿ ನೋಡಿದ್ದೀರಾ? ಕೆಲವು ಎಲೆಗಳ ಕೆಳಭಾಗದಲ್ಲಿ ಸಾಸಿವೆಗಿಂತ ಚಿಕ್ಕದಾದ ಕಂದು-ಕಿತ್ತಳೆ ಗುಳ್ಳೆಗಳಿರುತ್ತವೆ. ಬೆರಳಿನಿಂದ ಉಜ್ಜಿದರೆ ಕಬ್ಬಿಣದ ತುಕ್ಕಿನಂಥ ಪುಡಿ ಅಂಟುತ್ತದೆ. ಇದೇ ತುಕ್ಕು ರೋಗ. ಆ ಪುಡಿಯ ಒಂದೊಂದು ಕಣವೂ ಶಿಲೀಂಧ್ರದ ಒಂದು ಬೀಜಕ. ಕೊಡಗು, ಚಿಕ್ಕಮಗಳೂರಿನ ಕಾಫಿ ಎಲೆಗಳನ್ನು ಉದುರಿಸುವುದೂ ಇದೇ ಬಳಗದ ಇನ್ನೊಂದು ಶಿಲೀಂಧ್ರ.

ಈ ಬಳಗದ ಮತ್ತೊಂದು ಸದಸ್ಯನ ಹೆಸರು ಕ್ರೊನಾರ್ಷಿಯಂ ರಿಬಿಕೋಲ. ಇದು ಪೈನ್ ಮರಗಳನ್ನು ಕೊಲ್ಲುತ್ತದೆ. ಆದರೆ ಎಲ್ಲ ಪೈನ್‌ಗಳನ್ನೂ ಅಲ್ಲ. ಪೈನ್ ಎಲೆ ಸೂಜಿಯಂತಿರುತ್ತದೆ, ಅಲ್ಲವೇ? ಕೆಲವು ಜಾತಿಗಳಲ್ಲಿ ಎರಡು ಅಥವಾ ಮೂರು ಸೂಜಿಗಳು, ಕೆಲವುಗಳಲ್ಲಿ ಐದು ಸೂಜಿಗಳು ಒಂದೇ ಗೊಂಚಲಿನಲ್ಲಿ ಇರುತ್ತವೆ. ಐದು ಸೂಜಿಯ ಪೈನ್‌ಗಳಿಗೆ ಮಾತ್ರ ಈ ರೋಗ ಬರುತ್ತದೆ.

ಈ ಶಿಲೀಂಧ್ರದ ಮೂಲ ಏಷ್ಯಾ. ಇಲ್ಲಿನ ಪೈನ್‌ಗಳು ಬಹುಕಾಲದಿಂದ ಅದರ ಜೊತೆ ಬಾಳಿ ಬಂದಿರುವುದರಿಂದ ಅವುಗಳಿಗೆ ತಡೆಯುವ ಶಕ್ತಿ ಹೆಚ್ಚು. ಉತ್ತರ ಅಮೆರಿಕದ ಮರಗಳಿಗೆ ಇದರ ಪರಿಚಯವೇ ಇರಲಿಲ್ಲ. ಅಲ್ಲಿಗೆ ರೋಗ ಹೋದ ಬಗೆ ವಿಚಿತ್ರವಾಗಿದೆ. ಅಮೆರಿಕದ ಬಿಳಿ ಪೈನ್ ಮರವನ್ನು ಯುರೋಪಿನಲ್ಲಿ ಬೆಳೆಸುತ್ತಿದ್ದರು. ಅಷ್ಟರಲ್ಲಿ ರೋಗ ಯುರೋಪಿಗೆ ಬಂದಿತ್ತು. 1900ರ ಸುಮಾರಿಗೆ ಅಮೆರಿಕದವರು ಕಡಿದ ಕಾಡನ್ನು ಮತ್ತೆ ಬೆಳೆಸಲು ಸಸಿಗಳಿಗಾಗಿ ಹುಡುಕಿದಾಗ ಅವು ಯುರೋಪಿನ ನರ್ಸರಿಗಳಲ್ಲಿ ಅಗ್ಗವಾಗಿ ಸಿಕ್ಕವು. ಹೀಗೆ ತನ್ನದೇ ಊರಿನ ಮರ, ರೋಗವನ್ನು ಒಡಲಲ್ಲಿಟ್ಟುಕೊಂಡು ಹಡಗಿನಲ್ಲಿ ಮನೆಗೆ ಮರಳಿತು! 1921ರಲ್ಲಿ ಕೆನಡಾದ ಪಶ್ಚಿಮ ತೀರದ ವ್ಯಾಂಕೂವರ್‌ನಲ್ಲೂ ರೋಗ ಪತ್ತೆಯಾಯಿತು. ಅಲ್ಲಿಗೆ ಅದು ಬಂದದ್ದು 1910ರಲ್ಲಿ ಫ್ರಾನ್ಸಿನಿಂದ ತಂದ ಸಸಿಗಳ ಜೊತೆ.

ಈಗ ನಿಜವಾದ ಸೋಜಿಗಕ್ಕೆ ಬರೋಣ. ಈ ಶಿಲೀಂಧ್ರ ಒಂದು ಪೈನ್‌ನಿಂದ ಇನ್ನೊಂದು ಪೈನ್‌ಗೆ ನೇರವಾಗಿ ಹೋಗಲಾರದು. ಅದರ ಜೀವನಚಕ್ರ ಪೂರ್ಣವಾಗಲು ಎರಡು ಬೇರೆ ಬೇರೆ ಆಶ್ರಯ ಸಸ್ಯಗಳು ಬೇಕು. ಒಂದು ಪೈನ್. ಇನ್ನೊಂದು ಮುಖ್ಯವಾಗಿ ರೈಬಿಸ್ ಎಂಬ ಕುಲದ ಪೊದೆ. ಕರ್ರಂಟ್, ಗೂಸ್‌ಬೆರಿ ಹಣ್ಣುಗಳು ಈ ಕುಲದವು. (ನಿಘಂಟಿನಲ್ಲಿ ಗೂಸ್‌ಬೆರಿ ಎಂದರೆ ನೆಲ್ಲಿಕಾಯಿ ಎಂದಿರಬಹುದು. ನಮ್ಮ ಬೆಟ್ಟದ ನೆಲ್ಲಿಗೂ ಅದಕ್ಕೂ ಸಂಬಂಧವಿಲ್ಲ.)

ವಸಂತದಲ್ಲಿ ರೋಗಪೀಡಿತ ಪೈನ್‌ನ ತೊಗಟೆಯಲ್ಲಿ ಬೊಕ್ಕೆಗಳು ಏಳುತ್ತವೆ. ಅವು ಒಡೆದಾಗ ಕಿತ್ತಳೆ ಬೀಜಕಗಳು ಗಾಳಿಗೆ ಸಿಕ್ಕಿ ನೂರಾರು ಕಿಲೋಮೀಟರ್ ದೂರ ಹೋಗಬಲ್ಲವು. ಆದರೆ ಅವು ರೈಬಿಸ್‌ನಂಥ ಆಶ್ರಯ ಸಸ್ಯದ ಎಲೆಯ ಮೇಲೆ ಬಿದ್ದರೆ ಮಾತ್ರ ಬೆಳೆಯುತ್ತವೆ. ಬೇಸಿಗೆಯಲ್ಲಿ ಎಲೆಯಿಂದ ಎಲೆಗೆ, ಪೊದೆಯಿಂದ ಪೊದೆಗೆ ಹರಡುತ್ತವೆ. ಬೇಸಿಗೆಯ ಕೊನೆಗೆ, ತಂಪಾದ ಒದ್ದೆ ದಿನಗಳಲ್ಲಿ, ಬೇರೊಂದು ಬಗೆಯ ಬಹಳ ನಾಜೂಕಾದ ಬೀಜಕ ಹುಟ್ಟುತ್ತದೆ. ಒಣಗಿದರೆ ಸಾಯುವ ಈ ಬೀಜಕ ಸಾಮಾನ್ಯವಾಗಿ ಕೆಲವು ನೂರು ಮೀಟರ್‌ಗಿಂತ ಹೆಚ್ಚು ದೂರ ಹೋಗುವುದಿಲ್ಲ. ಅದು ಪೈನ್ ಸೂಜಿಯ ಪತ್ರರಂಧ್ರದ ಮೂಲಕ ಒಳಹೊಕ್ಕು, ಸೂಜಿಯಿಂದ ಕೊಂಬೆಗೆ, ಕೊಂಬೆಯಿಂದ ಕಾಂಡಕ್ಕೆ ವರ್ಷಗಟ್ಟಲೆ ನಿಧಾನವಾಗಿ ಸಾಗುತ್ತದೆ. ಕೊನೆಗೆ ಕಾಂಡದ ಸುತ್ತಲೂ ತೊಗಟೆ ಸತ್ತು, ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯದೆ ಮರ ಒಣಗುತ್ತದೆ.

ಹಾಗಾದರೆ ರೈಬಿಸ್ ಪೊದೆಗಳನ್ನೆಲ್ಲ ಕಿತ್ತುಬಿಟ್ಟರೆ? ಅಮೆರಿಕದ ವಿಜ್ಞಾನಿಗಳೂ ಹೀಗೆಯೇ ಯೋಚಿಸಿದರು. ತರ್ಕ ಸರಿಯಾಗಿಯೇ ಇತ್ತು. 1930ರ ದಶಕದಲ್ಲಿ ಸಾವಿರಾರು ನಿರುದ್ಯೋಗಿ ಯುವಕರು ಸಾಲುಗಟ್ಟಿ ಬೆಟ್ಟಗಳನ್ನು ಹತ್ತಿ ಪೊದೆಗಳನ್ನು ಕಿತ್ತರು. ಪೂರ್ವದ ಕಾಡುಗಳಲ್ಲಿ ಇದರಿಂದ ಪ್ರಯೋಜನವಾಯಿತು. ಪಶ್ಚಿಮದ ಕಡಿದಾದ ಬೆಟ್ಟಗಳಲ್ಲಿ ಪೊದೆಗಳು ಲೆಕ್ಕವಿಲ್ಲದಷ್ಟು. ಬೇರಿನ ಚೂರು ಉಳಿದರೂ ಮತ್ತೆ ಚಿಗುರುತ್ತಿದ್ದವು. 1960ರ ದಶಕದಲ್ಲಿ ಈ ಕೆಲಸವನ್ನು ಕೈಬಿಟ್ಟರು. ಪೆಡಿಕ್ಯುಲಾರಿಸ್, ಕ್ಯಾಸ್ಟಿಲೆಜ ಎಂಬ ಕಾಡುಗಿಡಗಳೂ ಅಲ್ಲಿ ಈ ಶಿಲೀಂಧ್ರಕ್ಕೆ ಆಶ್ರಯ ಕೊಡುತ್ತವೆ ಎಂದು 2006ರಲ್ಲಿ ತಿಳಿದುಬಂತು.

ಇನ್ನೊಂದು ದಾರಿಯನ್ನು ತೋರಿಸಿದ್ದು ಮರಗಳೇ. ಸತ್ತ ಮರಗಳ ನಡುವೆ ಅಲ್ಲೊಂದು ಇಲ್ಲೊಂದು ಮರ ಹಸಿರಾಗಿಯೇ ನಿಂತಿತ್ತು. 1950ರ ಸುಮಾರಿಗೆ ರಿಚರ್ಡ್ ಬಿಂಗ್‌ಹ್ಯಾಮ್ ಎಂಬ ವಿಜ್ಞಾನಿ ಇಡಾಹೊ ಪ್ರಾಂತದ ಕಾಡುಗಳಲ್ಲಿ ಅಂಥ ಮರಗಳನ್ನು ಆಯ್ದು, ಒಂದರ ಪರಾಗವನ್ನು ಇನ್ನೊಂದಕ್ಕೆ ಸೇರಿಸಿ ಬೀಜ ಪಡೆಯುವ ಕೆಲಸ ಆರಂಭಿಸಿದರು. ಆರೆಗಾನ್‌ನ ಡೊರೀನಾ ಕೇಂದ್ರದಲ್ಲಿ ಇಂಥ ಬೀಜಗಳ ಸಸಿಗಳಿಗೆ ಕಠಿಣ ಪರೀಕ್ಷೆ ಇದೆ. ಮಂಜು ತುಂಬಿದ ಕೋಣೆಯಲ್ಲಿ ಸಸಿಗಳನ್ನಿಟ್ಟು, ಮೇಲೆ ರೋಗ ಹಿಡಿದ ರೈಬಿಸ್ ಎಲೆಗಳನ್ನು ಹರಡುತ್ತಾರೆ. ಬೀಜಕಗಳು ಸಸಿಗಳ ಮೇಲೆ ಉದುರುತ್ತವೆ. ಆಮೇಲೆ ವರ್ಷಗಳ ಕಾಲ ಯಾವುದು ಉಳಿಯುತ್ತದೆ ಎಂದು ಕಾಯುವುದು. ಪರೀಕ್ಷೆಯ ಫಲಿತಾಂಶಕ್ಕೆ ಒಂದು ವಾರ ಕಾಯಲೂ ನಮಗೆ ತಾಳ್ಮೆ ಇಲ್ಲ, ನೋಡಿ!

1970ರಲ್ಲಿ ಬೋಹನ್ ಕಿನ್‌ಲಾಕ್ ಮತ್ತು ಸಂಗಡಿಗರು ಶುಗರ್ ಪೈನ್ ಮರದಲ್ಲಿ ರೋಗ ತಡೆಯುವ ಒಂದು ಜೀನ್ ಇರುವುದನ್ನು ತೋರಿಸಿದರು. ಸಂತೋಷ ಬಹಳ ಕಾಲ ಉಳಿಯಲಿಲ್ಲ. ಅದೇ ದಶಕದಲ್ಲಿ ಕ್ಯಾಲಿಫೋರ್ನಿಯಾದ ಹ್ಯಾಪಿ ಕ್ಯಾಂಪ್ ಎಂಬಲ್ಲಿ ಆ ಜೀನ್ ಇದ್ದ ಮರಗಳಿಗೂ ರೋಗ ಬಂತು. ಶಿಲೀಂಧ್ರವೂ ಬದಲಾಗಿತ್ತು. ಆದ್ದರಿಂದ ಈಗ ಒಂದೇ ಜೀನ್ ನಂಬದೆ, ರೋಗವನ್ನು ನಿಧಾನಗೊಳಿಸುವ ಹಲವು ಗುಣಗಳನ್ನು ಒಟ್ಟುಗೂಡಿಸಲು ಪ್ರಯತ್ನಿಸುತ್ತಿದ್ದಾರೆ.

ಎತ್ತರದ ಬೆಟ್ಟಗಳ ವೈಟ್‌ಬಾರ್ಕ್ ಪೈನ್ ಸ್ಥಿತಿ ಹೆಚ್ಚು ಚಿಂತಾಜನಕ. ಇದರ ಕಾಯಿ ತಾನಾಗಿ ಬಿರಿದು ಬೀಜ ಚೆಲ್ಲುವುದಿಲ್ಲ. ಕ್ಲಾರ್ಕ್ಸ್ ನಟ್‌ಕ್ರ್ಯಾಕರ್ ಎಂಬ ಕಾಗೆಯ ಬಳಗದ ಹಕ್ಕಿ ಬೀಜ ಕಿತ್ತು, ನಾಲಿಗೆಯ ಕೆಳಗಿನ ಚೀಲದಲ್ಲಿ ತುಂಬಿಕೊಂಡು ಹೋಗಿ ಮಣ್ಣಿನಲ್ಲಿ ಹೂಳುತ್ತದೆ. ಅದು ಮತ್ತೆ ತೆಗೆದು ತಿನ್ನದೆ ಬಿಟ್ಟ ಬೀಜಗಳೇ ಮುಂದಿನ ಕಾಡು. ಅಳಿಲು ಕೂಡಿಟ್ಟ ಬೀಜಗಳನ್ನು ಗ್ರಿಜ್ಲಿ ಕರಡಿ ಕದ್ದು ತಿನ್ನುತ್ತದೆ. ಮರ ಸತ್ತರೆ ಇವರೆಲ್ಲರ ಊಟಕ್ಕೂ ಕುತ್ತು. ತುಕ್ಕು ರೋಗವೇ ಮುಖ್ಯ ಕಾರಣವಾಗಿ, 2022ರ ಡಿಸೆಂಬರ್‌ನಲ್ಲಿ ಅಮೆರಿಕ ಸರ್ಕಾರ ಈ ಮರವನ್ನು ಅಪಾಯದಲ್ಲಿರುವ ಪ್ರಭೇದಗಳ ಪಟ್ಟಿಗೆ ಸೇರಿಸಿತು.

ಮಾಡಿ ನೋಡಿ: ತುಕ್ಕು ಹಿಡಿದ ಶೇಂಗಾ ಎಲೆಯನ್ನು ಬಿಳಿ ಹಾಳೆಯ ಮೇಲೆ ಮೆಲ್ಲಗೆ ತಟ್ಟಿ. ಬಿದ್ದ ಪುಡಿಯನ್ನು ಭೂತಗನ್ನಡಿಯಲ್ಲಿ ನೋಡಿ. ಆಮೇಲೆ ಕೈ ತೊಳೆಯಿರಿ.

ಯೋಚಿಸಿ: ಒಂದು ಬೆಟ್ಟದಲ್ಲಿ ಐದು ಸೂಜಿಯ ಪೈನ್‌ಗಳಿವೆ. ಅಲ್ಲಿ ರೈಬಿಸ್ ಪೊದೆ ಒಂದೂ ಇಲ್ಲ. ಆದರೂ ಒಂದು ಮರಕ್ಕೆ ತುಕ್ಕು ಬಂದಿದೆ. ಬೀಜಕ ಎಲ್ಲಿಂದ ಬಂದಿರಬಹುದು? ನಿಮ್ಮ ಉತ್ತರ ಒಂದಕ್ಕಿಂತ ಹೆಚ್ಚಿದ್ದರೆ, ಯಾವುದು ಸರಿ ಎಂದು ತಿಳಿಯಲು ಬೆಟ್ಟದಲ್ಲಿ ಏನನ್ನು ಹುಡುಕುವಿರಿ?